ಟೋನಿ ಬೆನ್ ಗೆದ್ದದ್ದು ಹದಿನೈದು ಬಾರಿಯೋ, ಹದಿನಾರು ಬಾರಿಯೋ?

ಲೆಕ್ಕದ ಮೇಷ್ಟ್ರು:

ಇಂಗ್ಲೆಂಡಿನ ನಮ್ಮ ಊರಿನ ಕನ್ನಡ ಸಂಘದಲ್ಲಿ ಕಳೆದ ಭಾನುವಾರ ರಸಪ್ರಶ್ನೆ ನಡೆಸಿಕೊಟ್ಟವನು ನಾನು. ಕೊನೆಯ ಸುತ್ತಿನ ಪ್ರಶ್ನೆ ಹೀಗಿತ್ತು: ಲೇಬರ್ ಪಕ್ಷದ ಟೋನಿ ಬೆನ್ ಹೌಸ್ ಆಫ್ ಕಾಮನ್ಸ್ (ಬ್ರಿಟನ್ ಸಂಸತ್ತಿನ ಕೆಳಮನೆ) ಚುನಾವಣೆಗಳಲ್ಲಿ ಒಟ್ಟು ಎಷ್ಟು ಬಾರಿ ಗೆದ್ದರು? ನನ್ನ ಚೀಟಿಯಲ್ಲಿದ್ದ ಉತ್ತರ 15. ಒಬ್ಬ ಮೇಡಂ ಎದ್ದು ನಿಂತು 16 ಎಂದರು. ನಾನು ತಪ್ಪು ಎಂದೆ. ಅವರ ತಂಡ ಒಂದೇ ಅಂಕದಿಂದ ಸೋತಿತು, ಮೈಸೂರು ಪಾಕಿನ ಡಬ್ಬಿ ಎದುರು ತಂಡದ ಪಾಲಾಯಿತು. ಅಂದಿನಿಂದ ಆ ಮೇಡಂ ನನ್ನೊಂದಿಗೆ ಸರಿಯಾಗಿ ಮಾತನಾಡುತ್ತಿಲ್ಲ. ಇಲ್ಲೇ ಇತ್ಯರ್ಥವಾಗಲಿ.

ನನ್ನ ಲೆಕ್ಕ ಇದು. ಬ್ರಿಸ್ಟಲ್ ಆಗ್ನೇಯ ಕ್ಷೇತ್ರದಿಂದ 1950ರ ನವೆಂಬರ್ ಉಪಚುನಾವಣೆ, ಆಮೇಲೆ 1951, 1955, 1959. ಮತ್ತೆ 1963ರ ಉಪಚುನಾವಣೆ, 1964, 1966, 1970, 1974ರಲ್ಲಿ ಎರಡು ಬಾರಿ, 1979. 1983ರಲ್ಲಿ ಬ್ರಿಸ್ಟಲ್ ಪೂರ್ವದಲ್ಲಿ ಸೋಲು. ಚೆಸ್ಟರ್‌ಫೀಲ್ಡ್‌ನಿಂದ 1984ರ ಉಪಚುನಾವಣೆ, 1987, 1992, 1997. 2001ರಲ್ಲಿ ನಿವೃತ್ತಿ. ಗೆಲುವು 15, ಸೋಲು 1. ಎಲ್ಲಿ ತಪ್ಪಿದ್ದೇನೆ?

ಕೆಂಪುದಾಸವಾಳ:

ಆ ಮೇಡಂ ನಾನೇ. ಮೇಷ್ಟ್ರೇ, 1959ರಿಂದ 1963ಕ್ಕೆ ಒಂದೇ ನೆಗೆತಕ್ಕೆ ಹಾರಿದ್ದೀರಲ್ಲ, ನಡುವೆ ಇರುವ ಹಳ್ಳ ಕಾಣಲಿಲ್ಲವೇ?

1961ರ ಮೇ 4ರಂದು ಅದೇ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಬೆನ್ ಅವರಿಗೆ ಬಿದ್ದ ಮತ 23,275. ಕನ್ಸರ್ವೇಟಿವ್ ಪಕ್ಷದ ಮಾಲ್ಕಮ್ ಸೇಂಟ್ ಕ್ಲೇರ್ ಅವರಿಗೆ 10,231. ಅಂತರ 13,044. ಎರಡು ವರ್ಷ ಹಿಂದಿನ ಸಾರ್ವತ್ರಿಕ ಚುನಾವಣೆಯಲ್ಲಿ ಬೆನ್ ಗೆದ್ದ ಅಂತರ 5,827 ಮಾತ್ರ. ಎರಡು ಪಟ್ಟಿಗಿಂತ ಹೆಚ್ಚಿನ ಅಂತರದಲ್ಲಿ ಗೆದ್ದವನನ್ನು ನಿಮ್ಮ ಪಟ್ಟಿಯಿಂದ ಕಿತ್ತು ಹಾಕಿದ್ದೀರಿ.

ಕಥೆ ತಿಳಿಯದವರಿಗಾಗಿ ಹೇಳುತ್ತೇನೆ. ಬೆನ್ ಅವರ ತಂದೆಗೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ವೈಕೌಂಟ್ ಸ್ಟಾನ್ಸ್‌ಗೇಟ್ ಎಂಬ ಪದವಿ ಬಂತು. ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಲೇಬರ್ ಪಕ್ಷದವರು ಬೆರಳೆಣಿಕೆಯಷ್ಟಿದ್ದರು, ಅಲ್ಲಿ ಮಾತನಾಡುವವರು ಬೇಕಾಗಿತ್ತು. ಪದವಿ ವಂಶಪಾರಂಪರ್ಯದ್ದು. ಹಿರಿಯ ಮಗ ಮೈಕೆಲ್ ಪಾದ್ರಿಯಾಗಬೇಕೆಂದಿದ್ದವನು, ಅವನಿಗೆ ಅಭ್ಯಂತರವಿರಲಿಲ್ಲ. ಆದರೆ ಮೈಕೆಲ್ 1944ರಲ್ಲಿ ವಾಯುಪಡೆಯ ಸೇವೆಯಲ್ಲಿದ್ದಾಗ ತೀರಿಕೊಂಡ. ಕಿರೀಟ ತಮ್ಮನ ತಲೆಗೆ ಗಂಟು ಬಿತ್ತು. 1960ರ ನವೆಂಬರಿನಲ್ಲಿ ತಂದೆ ತೀರಿಕೊಂಡ ಕ್ಷಣಕ್ಕೇ ಮಗ ಲಾರ್ಡ್ ಆದ. ಆಗಿನ ನಿಯಮದಂತೆ ಲಾರ್ಡ್ ಆದವನು ಕಾಮನ್ಸ್‌ನಲ್ಲಿ ಕೂರುವಂತಿರಲಿಲ್ಲ. ಕ್ಷೇತ್ರ ಖಾಲಿ ಎಂದು ಘೋಷಿಸಿದರು. ಅಪ್ಪನ ಸಾವಿನ ಸೂತಕದಲ್ಲೇ ಮಗನ ಕೆಲಸವೂ ಹೋಯಿತು.

ಬೆನ್ ಸುಮ್ಮನೆ ಕೂರಲಿಲ್ಲ, ಅದೇ ಕ್ಷೇತ್ರದಲ್ಲಿ ಮತ್ತೆ ನಿಂತರು. ಬ್ರಿಸ್ಟಲಿನ ಜನ ಅನರ್ಹನೆಂದು ಗೊತ್ತಿದ್ದೇ ಅವರನ್ನು ಆರಿಸಿದರು. ಇದು ಗೆಲುವಲ್ಲದಿದ್ದರೆ ಗೆಲುವು ಎಂದರೆ ಏನು?

ಹಳೆಯ ವಕೀಲ:

ಅಮ್ಮಾ, ನಿಮ್ಮ ಆವೇಶಕ್ಕೆ ನನ್ನ ನಮಸ್ಕಾರ. ಆದರೆ ಈ ವಿಷಯದಲ್ಲಿ ಮೇಷ್ಟ್ರ ಪಕ್ಷ ಹಿಡಿಯಬೇಕಾಗಿದೆ.

ಫಲಿತಾಂಶದ ನಂತರ ಬೆನ್ ಸಂಸತ್ತಿಗೆ ಹೋದಾಗ ಸಭಾಂಗಣದ ಬಾಗಿಲಿನಲ್ಲೇ ತಡೆದರು. ಸೇಂಟ್ ಕ್ಲೇರ್ ಚುನಾವಣಾ ತಕರಾರು ಅರ್ಜಿ ಹಾಕಿದ್ದರು. ಇಬ್ಬರು ನ್ಯಾಯಾಧೀಶರ ಚುನಾವಣಾ ನ್ಯಾಯಾಲಯದ ಮುಂದೆ ಬೆನ್ ತಮ್ಮ ಪರ ತಾವೇ ವಾದಿಸಿದರು. ಶ್ರಮಪಟ್ಟು ವಾದಿಸಿದರು, ನ್ಯಾಯಾಧೀಶರೂ ಗೌರವದಿಂದಲೇ ಕೇಳಿದರು. ಆದರೆ ತೀರ್ಪು ಖಡಾಖಂಡಿತವಾಗಿತ್ತು. ಅಭ್ಯರ್ಥಿ ಅನರ್ಹನೆಂದು ಮತದಾರರಿಗೆ ಮೊದಲೇ ತಿಳಿದಿತ್ತು, ತಿಳಿದೂ ಹಾಕಿದ ಮತ ನೀರಿಗೆ ಎಸೆದಂತೆ. ಆದ್ದರಿಂದ ಎರಡನೆಯ ಸ್ಥಾನದವರೇ ಚುನಾಯಿತರು. 10,231 ಮತ ಪಡೆದವರು ಸಂಸದರಾದರು, 23,275 ಪಡೆದವರು ಮನೆಗೆ ಹೋದರು, ಅದೂ ಖಟ್ಲೆಯ ಖರ್ಚು ಹೊತ್ತುಕೊಂಡು.

ಕೆಂಪುದಾಸವಾಳ ಅವರು 'ಗೊತ್ತಿದ್ದೇ ಆರಿಸಿದರು' ಎಂದು ಹೆಮ್ಮೆಯಿಂದ ಬರೆದಿದ್ದಾರಲ್ಲ, ಕಾನೂನಿನ ಕಣ್ಣಿನಲ್ಲಿ ಬೆನ್ ಅವರನ್ನು ಸೋಲಿಸಿದ್ದೇ ಆ ಗೊತ್ತಿರುವಿಕೆ. ಜನರಿಗೆ ಗೊತ್ತಿರಲಿಲ್ಲ ಎಂದಾಗಿದ್ದರೆ ಎದುರಾಳಿಗೆ ಕುರ್ಚಿ ಸಿಗುತ್ತಿರಲಿಲ್ಲ, ಮರುಚುನಾವಣೆ ಆಗುತ್ತಿತ್ತು. ದಾಖಲೆಯಲ್ಲಿ 1961ರ ವಿಜೇತ ಸೇಂಟ್ ಕ್ಲೇರ್. 15 ಸರಿ.

ತಕರಾರು ತಿಮ್ಮ:

ಹದಿನೈದೋ ಹದಿನಾರೋ, ಬ್ರಿಸ್ಟಲ್ ಆಗ್ನೇಯದಲ್ಲಿ ಲೇಬರ್ ಚಿಹ್ನೆ ಹಚ್ಚಿದ ಕಂಬ ನಿಂತರೂ ಗೆಲ್ಲುತ್ತಿತ್ತು. ಭದ್ರಕೋಟೆಯೊಳಗೆ ಕುಳಿತವರನ್ನು ಸೋಲಿಲ್ಲದ ಸರದಾರ ಎಂದು ಹೊಗಳುವುದು ನನಗೆ ಹಿಡಿಸುವುದಿಲ್ಲ. ಅವರ ನಿಜವಾದ ಚುನಾವಣಾ ದಾಖಲೆ ನೋಡಬೇಕಾದರೆ ಪಕ್ಷದೊಳಗಿನ ಸ್ಪರ್ಧೆಗಳನ್ನು ನೋಡಿ. 1971ರಲ್ಲಿ ಉಪನಾಯಕ ಸ್ಥಾನಕ್ಕೆ ನಿಂತು ಸೋತರು. 1976ರಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್ ರಾಜೀನಾಮೆ ಕೊಟ್ಟಾಗ ನಾಯಕತ್ವಕ್ಕೆ ನಿಂತರು, ಮೊದಲ ಸುತ್ತಿನಲ್ಲಿ 37 ಮತ ಬಿತ್ತು, ಹಿಂದೆ ಸರಿದರು. 1981ರಲ್ಲಿ ಉಪನಾಯಕತ್ವ, ಸೋಲು. 1988ರಲ್ಲಿ ಆಗಿನ ನಾಯಕ ನೀಲ್ ಕಿನಕ್ ವಿರುದ್ಧ ನಾಯಕತ್ವ, ನೂರಕ್ಕೆ ಹನ್ನೊಂದು ಚಿಲ್ಲರೆ ಮತ. ನಾಲ್ಕಕ್ಕೆ ನಾಲ್ಕು ಸೋಲು. ಜೊತೆಯಲ್ಲಿ ಕೆಲಸ ಮಾಡಿದವರೇ ನಂಬದ ಮನುಷ್ಯ.

ಬ್ರಿಸ್ಟಲ್ ಬಾಡಿಗೆದಾರ:

ತಿಮ್ಮಣ್ಣ, 'ಕಂಬ ನಿಂತರೂ' ಎಂಬ ಮಾತಿಗೆ ನನ್ನ ತಕರಾರಿದೆ. ನಾನು ಈ ಊರಿಗೆ ಬಂದು ಹನ್ನೊಂದು ವರ್ಷವಾಯಿತು. 1979ರ ಅಂಕಿ ನೋಡಿ: ಅದೇ ಭದ್ರಕೋಟೆಯಲ್ಲಿ ಅಂತರ ಎರಡು ಸಾವಿರಕ್ಕೂ ಕಡಿಮೆ. ಭದ್ರಕೋಟೆಯ ಗೋಡೆ ಅಷ್ಟು ತೆಳ್ಳಗಿರುವುದಿಲ್ಲ.

ಇಲ್ಲಿ ಯಾರೂ ಎತ್ತದ ಒಂದು ವಿಷಯವಿದೆ. 1963ರ ಆಗಸ್ಟ್ 20ರ ಉಪಚುನಾವಣೆ ನಡೆದಾಗ ಬ್ರಿಸ್ಟಲಿನ ಬೀದಿಗಳಲ್ಲಿ ಇನ್ನೊಂದು ಜಗಳವೂ ನಡೆಯುತ್ತಿತ್ತು. ಇಲ್ಲಿನ ಬಸ್ ಕಂಪನಿ ಕಪ್ಪು ಜನರನ್ನೂ ಏಷ್ಯಾದವರನ್ನೂ ಚಾಲಕ–ನಿರ್ವಾಹಕ ಕೆಲಸಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಪಾಲ್ ಸ್ಟೀಫನ್‌ಸನ್ ಮತ್ತು ಗೆಳೆಯರು ಏಪ್ರಿಲ್ ಕೊನೆಯಲ್ಲಿ ಬಸ್ ಬಹಿಷ್ಕಾರಕ್ಕೆ ಕರೆ ಕೊಟ್ಟಿದ್ದರು. ಬೆನ್ ಬಹಿಷ್ಕಾರವನ್ನು ಬಹಿರಂಗವಾಗಿ ಬೆಂಬಲಿಸಿದರು. ಆಗ ಅವರು ಸಂಸದರೂ ಅಲ್ಲ, ಕಾರ್ಮಿಕ ಸಂಘದ ಸ್ಥಳೀಯ ಶಾಖೆ ಮೈಬಣ್ಣ ನೋಡಿ ಕೆಲಸ ನಿರಾಕರಿಸುವ ಈ ಪದ್ಧತಿಯ ಪರವಾಗಿತ್ತು. ಅಂದರೆ ತಮ್ಮದೇ ಮತಬ್ಯಾಂಕಿನ ಎದುರು ನಿಂತರು. ಆಗಸ್ಟ್ 28ರಂದು ಕಂಪನಿ ಮಣಿಯಿತು. ಸೆಪ್ಟೆಂಬರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ಬಿಳಿಯೇತರ ನಿರ್ವಾಹಕ ರಘಬೀರ್ ಸಿಂಗ್ ಎಂಬ ಸಿಖ್ಖರು. ನಾನು ದಿನವೂ ಬಸ್ಸಿನಲ್ಲಿ ಓಡಾಡುವವನು, ಈ ಹೆಸರು ಆಗಾಗ ನೆನಪಿಗೆ ಬರುತ್ತದೆ.

ಆ ಉಪಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷ ಅಭ್ಯರ್ಥಿಯನ್ನೇ ಹಾಕಲಿಲ್ಲ. ಬೆನ್ 15,479 ಮತಗಳ ಅಂತರದಲ್ಲಿ ಗೆದ್ದರು. ಇದನ್ನು ದೊಡ್ಡ ಗೆಲುವು ಎನ್ನಲಾರೆ, ಗಟ್ಟಿ ಎದುರಾಳಿಯೇ ಇಲ್ಲದ ಕುಸ್ತಿ.

ಇನ್ನೊಂದು ಮಾತು: ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ಕಟ್ಟಿದ, ಶಬ್ದಕ್ಕಿಂತ ವೇಗದ ಕಾಂಕಾರ್ಡ್ ವಿಮಾನ. ಬ್ರಿಟನ್ನಿನ ಪಾಲಿನ ಕೆಲಸ ನಡೆದದ್ದು ನಗರದ ಉತ್ತರಕ್ಕಿರುವ ಫಿಲ್ಟನ್‌ನಲ್ಲಿ. ತಂತ್ರಜ್ಞಾನ ಸಚಿವರಾಗಿದ್ದ ಬೆನ್ ಅದನ್ನು ಕೈಬಿಡದಂತೆ ಹಟ ಹಿಡಿದರು. ದೇಶದ ಬೊಕ್ಕಸಕ್ಕೆ ಅದು ಒಳ್ಳೆಯದಾಯಿತೋ ಇಲ್ಲವೋ, ಬ್ರಿಸ್ಟಲಿನ ಸಂಬಳದ ಚೀಟಿಗಳಿಗೆ ಒಳ್ಳೆಯದೇ ಆಯಿತು.

ಸಂಪಿಗೆಮರ:

ನಾನು ಹೊಸಬಳು, ಪ್ರಶ್ನೆ ಪೆದ್ದಾಗಿದ್ದರೆ ಕ್ಷಮಿಸಿ. 1961ರಲ್ಲಿ ಅನರ್ಹರಾದವರು 1963ರಲ್ಲಿ ಅರ್ಹರಾದದ್ದು ಹೇಗೆ? ಸೇಂಟ್ ಕ್ಲೇರ್ ಎಲ್ಲಿಗೆ ಹೋದರು?

ಹಳೆಯ ವಕೀಲ:

ಪೆದ್ದು ಪ್ರಶ್ನೆಯಲ್ಲ ತಾಯಿ, ಇಡೀ ಪ್ರಕರಣದ ತಿರುಳೇ ಅದು.

ಗದ್ದಲ ಹೆಚ್ಚಾದಾಗ ಸರ್ಕಾರ ಕಾನೂನನ್ನೇ ಬದಲಿಸಿತು. 1963ರ ಜುಲೈ 31ರಂದು ಪಿಯರೇಜ್ ಕಾಯ್ದೆಗೆ ರಾಣಿಯ ಅಂಕಿತ ಬಿತ್ತು. ವಂಶದಿಂದ ಬಂದ ಪದವಿಯನ್ನು ಬದುಕಿರುವವರೆಗೆ ತ್ಯಜಿಸಲು ಅವಕಾಶವಾಯಿತು. ಅಂದೇ ಸಂಜೆ ಬೆನ್ ಸಹಿ ಹಾಕಿ ಪದವಿ ಬಿಟ್ಟರು, ಹಾಗೆ ಬಿಟ್ಟ ಮೊದಲಿಗರು ಅವರೇ. ಪದವಿ ಮುಂದಿನ ತಲೆಮಾರಿಗೆ ಹೋಗುವುದನ್ನು ಮಾತ್ರ ಕಾಯ್ದೆ ತಡೆಯಲಿಲ್ಲ. ಅದರಂತೆ 2014ರಲ್ಲಿ ಬೆನ್ ತೀರಿಕೊಂಡ ಮೇಲೆ ಹಿರಿಯ ಮಗ ವೈಕೌಂಟ್ ಆದರು.

ಸೇಂಟ್ ಕ್ಲೇರ್ ಬಗ್ಗೆ ಯಾರೂ ಒಳ್ಳೆಯ ಮಾತಾಡುವುದಿಲ್ಲ, ನಾನು ಆಡುತ್ತೇನೆ. ಬೆನ್ ಅರ್ಹರಾದರೆ ತಾನು ಕುರ್ಚಿ ಬಿಡುತ್ತೇನೆ ಎಂದು ಅವರು ಮಾತು ಕೊಟ್ಟಿದ್ದರು. ಕಾಯ್ದೆ ಬಂದ ಕೂಡಲೇ ಬಿಟ್ಟರು. ಬ್ರಿಟನ್ನಿನ ಸಂಸದ ನೇರವಾಗಿ ರಾಜೀನಾಮೆ ಕೊಡುವಂತಿಲ್ಲ, ರಾಜಮನೆತನದ ಹೆಸರಿಗಷ್ಟೇ ಇರುವ ಒಂದು ಹುದ್ದೆಗೆ ನೇಮಕಗೊಂಡು ತನ್ನನ್ನು ತಾನೇ ಅನರ್ಹಗೊಳಿಸಿಕೊಳ್ಳಬೇಕು. ಅಷ್ಟೆಲ್ಲ ಮಾಡಿ ಹೊರನಡೆದರು. ನಲವತ್ತು ವರ್ಷದ ವಕೀಲಿಕೆಯಲ್ಲಿ ಗೆದ್ದ ಡಿಕ್ರಿಯನ್ನು ಕೊಟ್ಟ ಮಾತಿಗಾಗಿ ಬಿಟ್ಟುಕೊಟ್ಟ ಕಕ್ಷಿದಾರನನ್ನು ನಾನಂತೂ ಕಂಡಿಲ್ಲ.

ಇನ್ನು ತಮಾಷೆ. ಮಸೂದೆಯ ಮೊದಲ ರೂಪದಂತೆ ಅದು ಮುಂದಿನ ಸಾರ್ವತ್ರಿಕ ಚುನಾವಣೆಯ ಹೊತ್ತಿಗೆ ಜಾರಿಯಾಗಬೇಕಿತ್ತು. ಕೂಡಲೇ ಜಾರಿಯಾಗಲಿ ಎಂದು ತಿದ್ದಿದ್ದು ಲಾರ್ಡ್ಸ್ ಸಭೆ. ಅಕ್ಟೋಬರಿನಲ್ಲಿ ಪ್ರಧಾನಿ ಮ್ಯಾಕ್‌ಮಿಲನ್ ಅನಾರೋಗ್ಯದಿಂದ ಕೆಳಗಿಳಿದರು. ಆ ಜಾಗಕ್ಕೆ ಬಂದವರು ಹದಿನಾಲ್ಕನೆಯ ಅರ್ಲ್ ಆಫ್ ಹ್ಯೂಮ್. ಬೆನ್ ತೆರೆಸಿದ ಬಾಗಿಲಿನಿಂದಲೇ ಪದವಿ ಕಳಚಿ ಅಲೆಕ್ ಡಗ್ಲಸ್ ಹ್ಯೂಮ್ ಆಗಿ, ಸ್ಕಾಟ್ಲೆಂಡಿನ ಉಪಚುನಾವಣೆಯಲ್ಲಿ ಗೆದ್ದು ಕಾಮನ್ಸ್‌ಗೆ ಬಂದರು. ನಡುವಿನ ಸುಮಾರು ಎರಡು ವಾರ ಬ್ರಿಟನ್ನಿನ ಪ್ರಧಾನಿ ಎರಡೂ ಸದನಗಳ ಸದಸ್ಯರಾಗಿರಲಿಲ್ಲ! ಸಮಾಜವಾದಿ ಹುಡುಗ ಕಷ್ಟಪಟ್ಟು ತೋಡಿದ ಬಾವಿಯಲ್ಲಿ ದೊಡ್ಡ ಕೊಡ ತುಂಬಿಕೊಂಡವನು ಜಮೀನ್ದಾರ.

ಇತಿಹಾಸದ ಹುಚ್ಚು:

ವಿಷಯಾಂತರ ಎಂದು ಬೈಯಬೇಡಿ. ಬೆನ್ ಕುಟುಂಬಕ್ಕೂ ನಮಗೂ ನಂಟಿದೆ.

ಆ ತಂದೆ ವಿಲಿಯಂ ವೆಜ್‌ವುಡ್ ಬೆನ್ 1929ರಿಂದ 1931ರವರೆಗೆ ಭಾರತ ವ್ಯವಹಾರಗಳ ಮಂತ್ರಿಯಾಗಿದ್ದರು. 1930ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಮೊದಲ ದುಂಡುಮೇಜಿನ ಪರಿಷತ್ತು ನಡೆದಾಗ ಆ ಖಾತೆ ಅವರದೇ. ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲ್ ಆ ಪರಿಷತ್ತಿನಲ್ಲಿ ಕುಳಿತಿದ್ದರು. ಎರಡನೆಯ ಪರಿಷತ್ತಿಗೆ ಗಾಂಧೀಜಿ ಬಂದಾಗ ಆರು ವರ್ಷದ ಟೋನಿ ಅವರನ್ನು ಭೇಟಿಯಾಗಿದ್ದ, ಮುದುಕನಾಗುವವರೆಗೂ ಅದನ್ನು ಹೇಳಿಕೊಳ್ಳುತ್ತಿದ್ದ. 1950ರಲ್ಲಿ ಬೆನ್‌ಗೆ ಬ್ರಿಸ್ಟಲ್ ಆಗ್ನೇಯ ಸಿಕ್ಕಿದ್ದಾದರೂ ಯಾರು ಬಿಟ್ಟು ಹೋದ ಜಾಗ? 1942ರಲ್ಲಿ ಕ್ರಿಪ್ಸ್ ಆಯೋಗದ ಹೆಸರಿನಲ್ಲಿ ದೆಹಲಿಗೆ ಬಂದು ಬರಿಗೈಲಿ ಮರಳಿದ ಸ್ಟಾಫರ್ಡ್ ಕ್ರಿಪ್ಸ್ ಅವರದು. ಆರೋಗ್ಯ ಕೆಟ್ಟು ರಾಜೀನಾಮೆ ಕೊಟ್ಟಿದ್ದರು. ಆಗ ಬೆನ್‌ಗೆ 25 ವರ್ಷ.

ತಂದೆಯ ಬಗ್ಗೆ ಇನ್ನೊಂದು. 1927ರಲ್ಲಿ ಲಿಬರಲ್ ಪಕ್ಷ ತೊರೆದು ಲೇಬರ್ ಸೇರಿದಾಗ, ಲಿಬರಲ್ ಚಿಹ್ನೆಯ ಮೇಲೆ ಗೆದ್ದ ಲೀತ್ ಕ್ಷೇತ್ರವನ್ನೂ ಬಿಟ್ಟುಕೊಟ್ಟರು. ಮರುವರ್ಷ ಆಬರ್ಡೀನ್ ಉತ್ತರದ ಉಪಚುನಾವಣೆಯಲ್ಲಿ ನಿಂತು ಗೆದ್ದು ಬಂದರು. ಪಕ್ಷಾಂತರಕ್ಕೆ ಹೀಗೂ ಒಂದು ವಿಧಾನವಿದೆ ಎಂದು ತಿಳಿಸಲು ಬರೆದೆ, ಬೇರೆ ಯಾವ ಉದ್ದೇಶವೂ ಇಲ್ಲ.

ತಕರಾರು ತಿಮ್ಮ:

ಉದ್ದೇಶವಿಲ್ಲ ಎಂದರೆ ನಂಬಿದೆವು ಬಿಡಿ.

ಪಕ್ಷದೊಳಗಿನ ನಾಲ್ಕು ಸೋಲುಗಳ ಬಗ್ಗೆ ನಾನು ಹೇಳಿದ್ದಕ್ಕೆ ಯಾರೂ ಉತ್ತರಿಸಿಲ್ಲ. 1981ರ ಉಪನಾಯಕತ್ವದ ಜಗಳ ಲೇಬರ್ ಪಕ್ಷವನ್ನು ಆರು ತಿಂಗಳು ಬೀದಿಯಲ್ಲಿ ನಿಲ್ಲಿಸಿತು. ಅದಾಗಲೇ ಒಂದು ಬಣ ಸಿಡಿದು ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಕಟ್ಟಿತ್ತು. 1983ರಲ್ಲಿ ಲೇಬರ್‌ಗೆ 209 ಸ್ಥಾನ, ನೂರಕ್ಕೆ 27.6 ಮತ. ಇದರ ಹೊಣೆ ಯಾರದು?

ಕೆಂಪುದಾಸವಾಳ:

ಹೊಣೆಯ ಪಾಲು ಬೆನ್‌ಗೂ ಇದೆ, ಅಲ್ಲಗಳೆಯುವುದಿಲ್ಲ. ಆದರೆ 'ಜೊತೆಯವರೇ ನಂಬಲಿಲ್ಲ' ಎಂದಿರಲ್ಲ, ಯಾವ ಜೊತೆಯವರು? 1971 ಮತ್ತು 1976ರಲ್ಲಿ ಮತ ಹಾಕಿದವರು ಲೇಬರ್ ಸಂಸದರು ಮಾತ್ರ. 1981ರಲ್ಲಿ ನಿಯಮ ಬದಲಾಗಿತ್ತು. ಕಾರ್ಮಿಕ ಸಂಘಗಳಿಗೆ ನೂರಕ್ಕೆ 40, ಸಂಸದರಿಗೆ 30, ಕ್ಷೇತ್ರಗಳ ಪಕ್ಷ ಘಟಕಗಳಿಗೆ 30. ಎದುರಾಳಿ ಡೆನಿಸ್ ಹೀಲಿಗೆ ನೂರಕ್ಕೆ 50.426, ಬೆನ್‌ಗೆ 49.574. ಒಂದು ಪೂರ್ತಿ ಅಂಕವೂ ಅಲ್ಲ! ಕ್ಷೇತ್ರ ಘಟಕಗಳ ಪಾಲಿನಲ್ಲಿ ಬೆನ್‌ಗೆ ಬಂದದ್ದು ನೂರಕ್ಕೆ 80ರಷ್ಟು. ಮನೆಮನೆ ತಿರುಗಿ ಕರಪತ್ರ ಹಂಚುವವರು ಅವರ ಕಡೆ, ಸಂಸದರು ಹೀಲಿ ಕಡೆ. ಎಡಪಂಥೀಯ ಸಂಸದರಲ್ಲೇ ಕೆಲವರು ಎರಡನೆಯ ಸುತ್ತಿನಲ್ಲಿ ಮತ ಹಾಕದೆ ಉಳಿದರು. ಅವರಲ್ಲಿ ನೀಲ್ ಕಿನಕ್ ಒಬ್ಬರು. ಆ ಕೆಲವರು ಬೆನ್‌ಗೆ ಮತ ಹಾಕಿದ್ದರೆ ಫಲಿತಾಂಶವೇ ಬೇರೆ.

1988ರ ಸ್ಪರ್ಧೆಯನ್ನು ಸಮರ್ಥಿಸುವುದಿಲ್ಲ. ಅದು ಹಟ. ಹಟಕ್ಕೂ ಒಂದು ವಯಸ್ಸಿದೆ.

ಸಂಪಿಗೆಮರ:

ಬ್ರಿಸ್ಟಲ್ ಬಿಟ್ಟು ಚೆಸ್ಟರ್‌ಫೀಲ್ಡ್‌ಗೆ ಹೋದದ್ದೇಕೆ? ಬ್ರಿಸ್ಟಲಿನಲ್ಲಿ ಸೋತದ್ದಕ್ಕೆ ಕ್ಷೇತ್ರ ಬದಲಿಸಿದರೇ?

ಲೆಕ್ಕದ ಮೇಷ್ಟ್ರು:

ಕ್ಷೇತ್ರವೇ ಅವರನ್ನು ಬಿಟ್ಟು ಹೋಯಿತು. 1983ರ ಪುನರ್ವಿಂಗಡಣೆಯಲ್ಲಿ ಬ್ರಿಸ್ಟಲ್ ಆಗ್ನೇಯ ನಕ್ಷೆಯಿಂದ ಅಳಿಸಿಹೋಯಿತು. ಪಕ್ಕದ ಬ್ರಿಸ್ಟಲ್ ದಕ್ಷಿಣ ಗಟ್ಟಿ ಕ್ಷೇತ್ರ, ಅಲ್ಲಿನ ಟಿಕೆಟ್ ಪಕ್ಷದ ಮುಖ್ಯ ಸಚೇತಕ ಮೈಕೆಲ್ ಕಾಕ್ಸ್ ಅವರಿಗೆ ಹೋಯಿತು. ಬೆನ್‌ಗೆ ದೇಶದ ಬೇರೆ ಕಡೆ ಗೆಲ್ಲುವ ಕ್ಷೇತ್ರ ಸಿಗುತ್ತಿತ್ತು. ಮೂವತ್ತಮೂರು ವರ್ಷದ ಊರನ್ನು ಬಿಟ್ಟು ಓಡುವುದಿಲ್ಲ ಎಂದು ಬ್ರಿಸ್ಟಲ್ ಪೂರ್ವದಲ್ಲೇ ನಿಂತರು. ಕನ್ಸರ್ವೇಟಿವ್ ಪಕ್ಷದ ಜೊನಾಥನ್ ಸಯೀದ್ ಎದುರು ಸುಮಾರು 1,800 ಮತಗಳಿಂದ ಸೋತರು.

ಈ ಒಂದು ಸೋಲಿನ ಬೆಲೆ ಉಳಿದೆಲ್ಲ ಗೆಲುವುಗಳಿಗಿಂತ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಚುನಾವಣೆ ಮುಗಿದ ಕೂಡಲೇ ಮೈಕೆಲ್ ಫುಟ್ ನಾಯಕತ್ವ ಬಿಟ್ಟರು. ನಾಯಕನಾಗಲು ಸಂಸದನಾಗಿರಬೇಕು. ಬೆನ್ ಸಂಸದರಲ್ಲ. ಅಕ್ಟೋಬರಿನಲ್ಲಿ ಕಿನಕ್ ಗೆದ್ದರು. ಬೆನ್ ನಿಂತಿದ್ದರೂ ಗೆಲ್ಲುತ್ತಿದ್ದರು ಎಂದು ಹೇಳಲಾರೆ, ಆದರೆ ನಿಲ್ಲುವ ಬಾಗಿಲೇ ಮುಚ್ಚಿತ್ತು.

ಮರುವರ್ಷ ಲೇಬರ್ ಸಂಸದ ಎರಿಕ್ ವಾರ್ಲಿ ತಮ್ಮ ಕ್ಷೇತ್ರ ಚೆಸ್ಟರ್‌ಫೀಲ್ಡ್ ತೊರೆದರು. 1975ರಲ್ಲಿ ವಿಲ್ಸನ್ ಬೆನ್ ಅವರಿಂದ ಕೈಗಾರಿಕೆ ಖಾತೆ ಕಿತ್ತು ಕೊಟ್ಟದ್ದು ಇದೇ ವಾರ್ಲಿಗೆ, ವಾರ್ಲಿಯ ಇಂಧನ ಖಾತೆ ಬೆನ್‌ಗೆ ಬಂದಿತ್ತು. ಒಂಬತ್ತು ವರ್ಷದ ನಂತರ ವಾರ್ಲಿಯ ಕ್ಷೇತ್ರವೂ ಬೆನ್‌ಗೇ ಬಂತು. 1984ರ ಮಾರ್ಚ್ 1ರ ಉಪಚುನಾವಣೆಯಲ್ಲಿ 24,633 ಮತ, ಎರಡನೆಯ ಸ್ಥಾನದ ಲಿಬರಲ್‌ಗೆ 18,369. ಎರಡು ವಾರ ಕಳೆಯುವುದರೊಳಗೆ ಗಣಿ ಕಾರ್ಮಿಕರ ದೊಡ್ಡ ಮುಷ್ಕರ ಶುರುವಾಯಿತು. ಅದು ಡರ್ಬಿಶೈರಿನ ಕಲ್ಲಿದ್ದಲು ಸೀಮೆ. ಆ ವರ್ಷವೆಲ್ಲ ಅವರು ಧರಣಿಯ ಸಾಲಿನಲ್ಲಿದ್ದರು.

ತಿಮ್ಮಣ್ಣನಿಗೆ ಒಂದು ಸಾಕ್ಷ್ಯ ನಾನೇ ಕೊಡುತ್ತೇನೆ. 1997ರಲ್ಲಿ ದೇಶದ ತುಂಬ ಲೇಬರ್ ಅಲೆ, 418 ಸ್ಥಾನ. ಚೆಸ್ಟರ್‌ಫೀಲ್ಡ್‌ನಲ್ಲಿ ಮಾತ್ರ ಬೆನ್ ಅಂತರ 1992ಕ್ಕಿಂತ ಕುಗ್ಗಿತು. ಅವರು ನಿವೃತ್ತರಾದ 2001ರಲ್ಲಿ ಕ್ಷೇತ್ರ ಲಿಬರಲ್ ಡೆಮಾಕ್ರಟರ ಕೈಸೇರಿತು. ಇದನ್ನು ಎರಡು ರೀತಿ ಓದಬಹುದು: ಬೆನ್ ಅವರಿಂದಾಗಿ ಮತ ಕರಗುತ್ತಿತ್ತು, ಅಥವಾ ಅಷ್ಟುಕಾಲ ಕ್ಷೇತ್ರವನ್ನು ಹಿಡಿದಿಟ್ಟದ್ದೇ ಬೆನ್.

ತಕರಾರು ತಿಮ್ಮ:

ನಾನು ಮೊದಲನೆಯ ರೀತಿ ಓದುತ್ತೇನೆ. ಆದರೆ 'ಕಂಬ' ಎಂದದ್ದನ್ನು ಹಿಂತೆಗೆದುಕೊಂಡಿದ್ದೇನೆ. ಸೋಲುತ್ತೇನೆಂದು ಗೊತ್ತಿದ್ದೂ ಬ್ರಿಸ್ಟಲ್ ಪೂರ್ವದಲ್ಲಿ ನಿಲ್ಲಲು ಕಂಬಕ್ಕೆ ಸಾಧ್ಯವಿಲ್ಲ.

ಹಳೆಯ ವಕೀಲ:

ನಿನ್ನೆ ರಾತ್ರಿ ಮೇಷ್ಟ್ರ ಮೊದಲ ಬರಹವನ್ನು ಮತ್ತೆ ಓದಿದೆ. ಅವರು ಕೇಳಿದ್ದು 'ಎಷ್ಟು ಬಾರಿ ಸಂಸದರಾದರು' ಎಂದಲ್ಲ, 'ಚುನಾವಣೆಗಳಲ್ಲಿ ಎಷ್ಟು ಬಾರಿ ಗೆದ್ದರು' ಎಂದು. ನ್ಯಾಯಾಲಯ ಆ ಮತಗಳನ್ನು ವ್ಯರ್ಥವೆಂದಿತೇ ಹೊರತು ಬೀಳಲೇ ಇಲ್ಲ ಎನ್ನಲಿಲ್ಲ. ಎಣಿಕೆಯ ಮೇಜಿನ ಮೇಲೆ ಅಂದು ರಾತ್ರಿ ಗೆದ್ದವರು ಬೆನ್. ಕುರ್ಚಿಯ ಲೆಕ್ಕ 15, ಎಣಿಕೆಯ ಲೆಕ್ಕ 16. ಪ್ರಶ್ನೆ ಕೇಳಿದ ಮಾತಿನಂತೆ ನೋಡಿದರೆ ಮೇಡಂ ಉತ್ತರವೇ ಸರಿ. ನನ್ನ ಹಿಂದಿನ ಅಭಿಪ್ರಾಯವನ್ನು ಮಾರ್ಪಡಿಸಿದ್ದೇನೆ, ಶುಲ್ಕ ಬೇಡ.

ಲೆಕ್ಕದ ಮೇಷ್ಟ್ರು:

ಒಪ್ಪಿದೆ. ಸಂಘದ ದಫ್ತರಿನಲ್ಲಿ ಅಂಕ ತಿದ್ದಿದ್ದೇನೆ: ಎರಡು ತಂಡಗಳೂ ಈಗ ಸಮಬಲ. ಆದರೆ ಮೈಸೂರು ಪಾಕ್ ವಾಪಸು ಕೇಳಲು ಹೋದಾಗ ಡಬ್ಬಿ ಖಾಲಿಯಾಗಿತ್ತು.

ಕೆಂಪುದಾಸವಾಳ:

ಸೇಂಟ್ ಕ್ಲೇರ್ ಆಗಿದ್ದರೆ ಡಬ್ಬಿ ಇಟ್ಟಿರುತ್ತಿದ್ದರು.